ಕೋದಂಡಪ್ಪ ಡಾಕ್ಟ್ರೂ ಕಾರ್ಡಿನವರ ಕಾಸೂ

ಬಂಗಾರಪೇಟೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಬೀಡಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಕೋದಂಡಪ್ಪ ಡಾಕ್ಟ್ರ ಶಾಪಿತ್ತು. ಅದನ್ನು ಆಸ್ಪತ್ರೆ ಅಂತ ಯಾರೂ ಅನ್ನುತ್ತಿರಲಿಲ್ಲ. ಮುಂದೆ ಜಗಲಿ, ಮಧ್ಯೆ ಒಂದು ರೂಮು, ಹಿಂದೆ ಔಷಧ ಕಲೆಸುವ ಇಕ್ಕಟ್ಟಾದ ಗೂಡು, ಆ ಗೂಡಿಗೊಂದು ಕಿಟಕಿ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಅಂದರೆ ಎಪ್ಪತ್ತಾರರಲ್ಲಿ, ನಾನು ಅಲ್ಲಿ ಕಸ ಗುಡಿಸಿ, ನೀರು ತುಂಬಿ, ಸೂಜಿ ಕುದಿಸುವ ಕೆಲಸಕ್ಕೆ ಸೇರಿದೆ. ಸೂಜಿ ಆಗ ಈಗಿನ ಹಾಗೆ ಚುಚ್ಚಿ ಬಿಸಾಡುವುದಲ್ಲ. ಗಾಜಿನ ಸಿರಿಂಜು. ಒಂದು ಒಡೆದರೆ ನನ್ನ ಎದೆ ಒಡೆದಂತಾಗುತ್ತಿತ್ತು.

ಡಾಕ್ಟ್ರು ಕ್ಯಾಸಂಬಳ್ಳಿ ಕಡೆಯ ರಾಗಿ ಹೊಲದ ಮನೆಯವರು. ಉದ್ದಕ್ಕೆ, ಸಣ್ಣಗೆ, ಕತ್ತು ಸ್ವಲ್ಪ ಮುಂದಕ್ಕೆ ಬಾಗಿಸಿಕೊಂಡು ನಡೆಯುತ್ತಿದ್ದರು, ಏನೋ ಬಿದ್ದದ್ದನ್ನು ಹುಡುಕುವವರ ಹಾಗೆ. ದೊಡ್ಡ ಓದು ಓದಿದ್ದರು. ಆದರೆ ಆಪರೇಷನ್ ಮಾಡುತ್ತಿರಲಿಲ್ಲ. ಊರಿನವರಿಗೆ ಅದು ಅರ್ಥವೇ ಆಗುತ್ತಿರಲಿಲ್ಲ.

"ನೀವು ಯಾವ ಭಾಗ ಕುಯ್ತೀರಾ ಸಾ?" ಅಂತ ಬಂದವರು ಕೇಳುವರು.

"ಯಾವ ಭಾಗಾನೂ ಕುಯ್ಯಲ್ಲಪ್ಪ. ಒಳಗೆ ಏನಾಗಿದೆ ಅಂತ ಹೊರಗಿಂದಾನೇ ತಿಳ್ಕೊಳ್ಳೋದು ನನ್ನ ಕೆಲಸ."

ತಿಳಿದುಕೊಳ್ಳುವುದಕ್ಕೆ ಅವರು ಕೇಳುವ ಪ್ರಶ್ನೆಗಳು ಮುಗಿಯುತ್ತಲೇ ಇರಲಿಲ್ಲ. ಯಾವ ಮಗ್ಗುಲಿಗೆ ಮಲಗುತ್ತೀಯ, ಬಾವಿ ನೀರೋ ಕೆರೆ ನೀರೋ, ಮುದ್ದೆಗೆ ಏನು ಸಾರು. ಒಂದು ಸಲ ಮುನಿಸ್ವಾಮಪ್ಪ ಅನ್ನುವ ರೈತ, ಬಿಟ್ಟು ಬಿಟ್ಟು ಜ್ವರ ಬರುತ್ತದೆ ಅಂತ ಬಂದ. ಅರ್ಧ ಗಂಟೆ ಒಳಗಿದ್ದವನು ಜಗಲಿಗೆ ಬಂದು ನನ್ನ ಹತ್ತಿರ ಗೊಣಗಿದ: "ಜ್ವರ ಬಂದಿರೋದು ನಂಗೆ. ನಿಮ್ ಡಾಕ್ಟ್ರು ನೋಡಿದ್ರೆ ನಮ್ಮ ಅಸೂನ ಯೋಗಕ್ಷೇಮ ಕೇಳ್ತಾ ಕೂತವ್ರೆ. ಕರ ಯಾವಾಗ ಆಕ್ತು, ತಿಂಗ್ಳು ತುಂಬ್ದೆ ಕಂದು ಯಾಕೆ ಆಕ್ತು, ಆಲು ಕಾಯ್ಸಿ ಕುಡೀತೀಯಾ ಅಂಗೇ ಕುಡೀತೀಯಾ. ನಾನೇನ್ ದನದ ಡಾಕ್ಟ್ರತ್ರ ಬಂದ್ನಾ?" ಆದರೆ ಆ ಜ್ವರ ಬಂದದ್ದು ಆ ಹಸುವಿನ ಹಸಿ ಹಾಲಿನಿಂದಲೇ ಅಂತ ಗೊತ್ತಾಯಿತು. ಜ್ವರ ಬಿಟ್ಟಿತು. ಮುನಿಸ್ವಾಮಪ್ಪ ಆಮೇಲೆ ಎಲ್ಲರಿಗೂ, ನಮ್ಮ ಹಸು ನೋಡದೇನೇ ನನ್ನ ವಾಸಿ ಮಾಡಿದರು ಅಂತ ಹೇಳಿಕೊಂಡು ತಿರುಗಿದ.

ಔಷಧ ಕಲೆಸುತ್ತಿದ್ದವನು ಕಾಂಪೌಂಡರ್ ಕುಪ್ಪುಸ್ವಾಮಿ. ಕೋರಮಂಡಲ್ ಚಿನ್ನದ ಗಣಿಯ ಕೂಲಿ ಲೈನಿನವನು. ದಿನಾ ಬೆಳಗ್ಗೆ ಮಾರಿಕುಪ್ಪಂ ಟ್ರೈನು ಹತ್ತಿ ಬರುತ್ತಿದ್ದ. ಅವನ ಕನ್ನಡದಲ್ಲಿ ಅರ್ಧ ತಮಿಳು, ನನ್ನ ಕನ್ನಡದಲ್ಲಿ ಅರ್ಧ ತೆಲುಗು. ಜಗಳ ಆಡುವುದಕ್ಕೆ ಎರಡೂ ಸಾಕಾಗುತ್ತಿತ್ತು.

ನಮ್ಮ ಶಾಪಿಗೆ ಎರಡು ಥರದ ಜನ ಬರುತ್ತಿದ್ದರು. ಕಾಸಿನವರು, ಕಾರ್ಡಿನವರು. ಕಾಸಿನವರು ಅಂದರೆ ದುಡ್ಡು ಕೊಟ್ಟು ತೋರಿಸಿಕೊಳ್ಳುವವರು. ಕಾರ್ಡಿನವರು ಹೆಂಚಿನ ಕಾರ್ಖಾನೆಯ ಆಳುಗಳು. ಅವರಿಗೆ ಸರ್ಕಾರದ ವಿಮೆ ಇತ್ತು. ಆಳು ತನಗೆ ಬೇಕಾದ ಡಾಕ್ಟ್ರನ್ನು ಆರಿಸಿಕೊಂಡು ಚೀಟಿ ಕೊಟ್ಟರೆ, ಅವನೂ ಅವನ ಮನೆಯವರೂ ಆ ಡಾಕ್ಟ್ರ ಪಾಲಿಗೆ ಬಂದ ಹಾಗೆ. ವಿಮಾ ಆಫೀಸಿನವರು ಚೀಟಿ ಲೆಕ್ಕದಲ್ಲಿ ತಲೆಗೆ ಇಷ್ಟು ಅಂತ ಡಾಕ್ಟ್ರಿಗೆ ಕಳಿಸುತ್ತಿದ್ದರು. ಅಂಥ ಡಾಕ್ಟ್ರಿಗೆ ಪ್ಯಾನಲ್ ಡಾಕ್ಟ್ರು ಅಂತ ಹೆಸರು. ಕುಪ್ಪುಸ್ವಾಮಿ ಚೀಟಿಗಳನ್ನೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿಟ್ಟು, "ಇನ್ನಿಕಿ, ಈ ದಿನಕ್ಕೆ, ನಮಗೆ ನಾನೂರು ಹನ್ನೆರಡು ತಲೆ ಮ್ಮಾ" ಅಂತ ಕುರಿ ಕಾಯುವವನ ಹಾಗೆ ಹೇಳುತ್ತಿದ್ದ.

ನನಗೆ ಅದು ಬಹಳ ದಿನ ತಲೆಗೆ ಹತ್ತಲಿಲ್ಲ. ಒಂದು ದಿನ ಡಾಕ್ಟ್ರನ್ನೇ ಕೇಳಿದೆ.

"ಸಾರ್, ಒಂದ್ಸಲಾನೂ ಬರದೇ ಇರೋರ್ ತಲೆಗೂ ಕಾಸು ಕೊಡ್ತಾರಾ?"

"ಕೊಡ್ತಾರೆ."

"ದಿನಾ ಬರೋರ್ ತಲೆಗೆ?"

"ಅಷ್ಟೇ. ಹೆಚ್ಚಿಲ್ಲ, ಕಮ್ಮಿಯಿಲ್ಲ."

"ಅಂಗಾರೆ ಯಾರೂ ಬರದೇ ಇದ್ರೆ ನಿಮ್ಗೇ ಲಾಭ."

ಡಾಕ್ಟ್ರು ನಕ್ಕರು. "ಅದಕ್ಕೇ ಎಲ್ಲರನ್ನೂ ಬೇಗ ವಾಸಿ ಮಾಡಬೇಕು ಅಂತ ನನಗೆ ಆಸೆ ಮಂಗಮ್ಮ."

ಆದರೆ ಒಂದು ಕಟ್ಟುನಿಟ್ಟಿತ್ತು. ಕಾರ್ಡಿನವರ ಹತ್ತಿರ ಒಂದು ಪೈಸೆ ಮುಟ್ಟಕೂಡದು. ಮುಟ್ಟಿದರೆ ಪ್ಯಾನಲ್ಲಿನಿಂದ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದರೆ ನಾನೂರು ತಲೆಯೂ ಹೋದ ಹಾಗೆ. ಕಾಸಿನವರು ಕೊಡುತ್ತಿದ್ದದ್ದು ಶಾಪಿನ ಬಾಡಿಗೆಗೂ ಸಾಲುತ್ತಿರಲಿಲ್ಲ. ಔಷಧ, ಕುಪ್ಪುಸ್ವಾಮಿಯ ಸಂಬಳ, ನನ್ನ ಸಂಬಳ, ಡಾಕ್ಟ್ರ ಮನೆಯ ಊಟ ಎಲ್ಲ ಆ ತಲೆಗಳ ಮೇಲೇ ನಿಂತಿತ್ತು.

ಎಪ್ಪತ್ತೇಳನೇ ಇಸವಿ ಕೊನೆಯಲ್ಲಿ, ಶಾಪಿನ ಹಿಂದಿನ ಮೋರಿ ಬಳಿಯುವಾಗ ನನಗೆ ಬಿಳಿ ಮಾತ್ರೆಗಳು ಸಿಕ್ಕವು. ಒಂದಲ್ಲ ಎರಡಲ್ಲ, ಪೊಟ್ಟಣ ಪೊಟ್ಟಣವೇ. ಮಾರನೇ ದಿನವೂ ಇದ್ದವು, ಅದರ ಮಾರನೇ ದಿನವೂ. ಮೊರದಲ್ಲಿ ತುಂಬಿಕೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. ಒಂದೊಂದೇ ಮಾತ್ರೆ ಎತ್ತಿ ನೋಡಿದರು.

"ಇವೆಲ್ಲ ಕಾರ್ಡಿನವರಿಗೆ ಕೊಟ್ಟದ್ದು. ಕಾಸಿನವರದ್ದು ಒಂದೂ ಇಲ್ಲ. ಯಾಕೆ ಮಂಗಮ್ಮ?"

ಯಾಕೆ ಅಂತ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದೆ ಇದ್ದದ್ದು ನನಗೆ ಆಶ್ಚರ್ಯ. ನಮ್ಮ ಕಡೆ ಔಷಧ ಕೊಟ್ಟವರ ಕೈಗೆ ಏನಾದರೂ ಇಡಬೇಕು. ಹಾವು ಕಡಿದದ್ದಕ್ಕೆ ಬೇರು ತೇಯ್ದು ಕೊಡುವವನಿಗೂ ಎಲೆ ಅಡಿಕೆ ಮೇಲೆ ಐದು ಪೈಸೆಯಾದರೂ ಇಟ್ಟು ಕೊಡುತ್ತಾರೆ. ಇಡದಿದ್ದರೆ ಔಷಧ ಹಿಡಿಯುವುದಿಲ್ಲ. ಕಾರ್ಡಿನವರೂ ಇಡುವುದಕ್ಕೆ ಬಂದರು. ಡಾಕ್ಟ್ರು ರೂಲಿಗೆ ಹೆದರಿ, ಮೇಜಿನ ಮೇಲಿಟ್ಟ ಕಾಸನ್ನು ಬೆರಳಿನಿಂದ ತಳ್ಳಿ ವಾಪಸ್ ಕೊಟ್ಟರು. ಕೊಟ್ಟ ಕಾಸನ್ನು ವೈದ್ಯ ವಾಪಸ್ ಕೊಟ್ಟರೆ ಕಾಯಿಲೆಯನ್ನೂ ವಾಪಸ್ ಕೊಟ್ಟ ಹಾಗೆ. ಇನ್ನು ಆ ಮಾತ್ರೆ ನುಂಗಿ ಏನು ಪ್ರಯೋಜನ ಅಂತ ಮೋರಿಗೆ ಹಾಕಿ ಹೋಗುತ್ತಿದ್ದರು.

ನಾನು ಹೇಳಿದ್ದನ್ನೆಲ್ಲ ಡಾಕ್ಟ್ರು ಬಾಯಿ ತೆರೆದು ಕೇಳಿದರು. ಅವರಿಗೆ ಅದು ಹೊಸ ಕಾಯಿಲೆ ಸಿಕ್ಕಿದಷ್ಟು ಖುಷಿ. "ನೋಡೋಣ" ಅಂತ ಮುತ್ಯಾಲಮ್ಮನನ್ನು ಒಳಗೆ ಕರೆದರು.

ಮುತ್ಯಾಲಮ್ಮ ಕಾರ್ಖಾನೆಯಲ್ಲಿ ಮಣ್ಣು ಜರಡಿ ಹಿಡಿಯುವವಳು. ಗಂಡ ಇಲ್ಲ, ಮಕ್ಕಳಿಲ್ಲ. ಗೇಟಿನ ಹಿಂದೆ ಒಂದು ಗುಡಿಸಲು, ನಾಲ್ಕು ಕೋಳಿ. ಮಣ್ಣಿನ ಧೂಳು ಕುಡಿದು ಕುಡಿದು ಉಬ್ಬಸ ಹತ್ತಿತ್ತು. ಉಸಿರು ಎಳೆದರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ. ದಿನಾ ಮಾತ್ರೆ ನುಂಗಿದರೆ ಕೆಲಸಕ್ಕೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಕೆಲಸ ಇಲ್ಲದಿದ್ದರೆ ಅವಳಿಗೆ ಕೂಳಿಲ್ಲ.

ಡಾಕ್ಟ್ರು ಅವಳ ಸಂಬಳದ ಚೀಟಿ ಇಸಿದುಕೊಂಡು ಬೆರಳಿಟ್ಟು ತೋರಿಸಿದರು. "ನೋಡಮ್ಮ, ನಿನ್ನ ಸಂಬಳದಲ್ಲಿ ವಿಮೆಗೆ ಅಂತ ಇಷ್ಟು ಹಿಡ್ಕೊಂಡಿದಾರೆ. ಅದೇ ಸುತ್ತಾಡಿಕೊಂಡು ನನ್ನ ಕೈಗೆ ಬರೋದು. ಅಂದ್ರೆ ನೀನು ಮೊದಲೇ ಕೊಟ್ಟುಬಿಟ್ಟಿದೀಯ."

ಮುತ್ಯಾಲಮ್ಮ ಚೀಟಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಅದು ಅವ್ರು ಕಿತ್ಕೊಂಡಿದ್ದು ನಾಯ್ನಾ. ನಾನು ಕೊಟ್ಟಿದ್ದಲ್ಲ."

ಡಾಕ್ಟ್ರು ಚೀಟಿ ಮಡಿಸಿ ವಾಪಸ್ ಕೊಟ್ಟರು. ಆದರೂ ಬಿಡಲಿಲ್ಲ. ಆವತ್ತಿನಿಂದ ಬಂದ ಪ್ರತಿಯೊಬ್ಬ ಕಾರ್ಡಿನವನಿಗೂ ಸಂಬಳದ ಚೀಟಿಯ ಪಾಠ ಶುರುವಾಯಿತು. ಪಾಠ ಕೇಳಿ ಹೊರಗೆ ಬಂದವರು ಮಾತ್ರೆಯನ್ನು ಮೋರಿಗೆ ಹಾಕುತ್ತಲೇ ಇದ್ದರು.

ಸಂಕ್ರಾಂತಿ ಕಳೆದ ಮೇಲೆ ನಾನೊಂದು ಕೆಲಸ ಮಾಡಿದೆ. ಔಷಧದ ಗೂಡಿನ ಕಿಟಕಿಯಲ್ಲಿ ಒಂದು ಹಿತ್ತಾಳೆ ತಟ್ಟೆ ಇಟ್ಟು, ಅರಿಶಿನ ಕುಂಕುಮ ಇಟ್ಟೆ. ಕಾರ್ಡಿನವರು ಬಂದಾಗ ಮೆಲ್ಲಗೆ ಹೇಳಿದೆ: "ಡಾಕ್ಟ್ರ ಕೈಗಿಕ್ಕಬ್ಯಾಡಿ, ತಳ್ಳಿಬಿಡ್ತಾರೆ. ಇಲ್ಲಿ ಆಕಿ. ಅವ್ರ ಔಷ್ದ ಈ ಕಿಟಕೀಲೇ ಬರೋದು."

ಕುಪ್ಪುಸ್ವಾಮಿ ತಟ್ಟೆ ನೋಡಿ, "ಅಯ್ಯಯ್ಯೋ, ಇದು ಎನ್ನಮ್ಮಾ, ಮಾರಿಯಮ್ಮನ ಗುಡಿಯಾ?" ಅಂದ.

"ನೀನು ಆ ಕಡೆ ತಿರುಗ್ಕೊಂಡು ಮಿಕ್ಸ್ಚರ್ ಕಲೆಸು."

ತಿರುಗಿಕೊಂಡ. ಒಂದೇ ವಾರದಲ್ಲಿ ಮೋರಿಯಲ್ಲಿ ಮಾತ್ರೆ ಬೀಳುವುದು ನಿಂತಿತು. ತಟ್ಟೆಗೆ ಬಿದ್ದ ಐದು ಪೈಸೆ, ಹತ್ತು ಪೈಸೆಗಳನ್ನು ನಾನು ಸಾಯಂಕಾಲ ಒಂದು ಉಪ್ಪಿನಕಾಯಿ ಜಾಡಿಗೆ ಹಾಕಿ, ಖಾಲಿ ಬಾಟ್ಲಿಗಳ ಹಿಂದೆ ಇಡುತ್ತಿದ್ದೆ. ನಾನು ಮುಟ್ಟುವ ಹಾಗಿಲ್ಲ, ಅದು ವೈದ್ಯನದು. ವೈದ್ಯನಿಗೆ ಹೇಳುವ ಹಾಗೂ ಇಲ್ಲ. ಹಾಗಾಗಿ ಅಲ್ಲೇ ಇತ್ತು.

ಮುತ್ಯಾಲಮ್ಮ ವಾರಕ್ಕೆ ನಾಲ್ಕಾಣೆ ಹಾಕುತ್ತಿದ್ದಳು. ಮಾತ್ರೆ ನುಂಗಿದಳು. ಉಸಿರು ಸಲೀಸಾಯಿತು. ಕಾರ್ಖಾನೆಗೆ ಹಾಡು ಹೇಳಿಕೊಂಡು ಹೋಗುತ್ತಿದ್ದಳು. ಡಾಕ್ಟ್ರಿಗೆ ಹಿಡಿಸಲಾರದಷ್ಟು ಸಂತೋಷ. "ಸಂಬಳದ ಚೀಟಿ ಪಾಠ ಕೊನೆಗೂ ತಲೆಗೆ ಹೋಯ್ತು ನೋಡು ಮಂಗಮ್ಮ. ತಿಳಿಸಿ ಹೇಳಬೇಕು, ಅಷ್ಟೇ." ನಾನು ಹೂಂಗುಟ್ಟಿದೆ. ಕುಪ್ಪುಸ್ವಾಮಿಗೆ ಕೆಮ್ಮು ಬಂತು.

ಇಪ್ಪತ್ತನಾಲ್ಕು ವಾರ ಹಾಗೇ ನಡೆಯಿತು. ಜುಲೈ ತಿಂಗಳು ಬೆಂಗಳೂರು ಟ್ರೈನಿನಲ್ಲಿ ವಿಮಾ ಆಫೀಸಿನ ಸಾಹೇಬರೊಬ್ಬರು ಇಳಿದರು. ಕೈಯಲ್ಲಿ ಛತ್ರಿ, ಒಂದು ಕ್ಯಾರಿಯರ್ ಊಟ. ಕೋದಂಡಪ್ಪ ಡಾಕ್ಟ್ರು ಕಾರ್ಡಿನವರಿಂದ ದುಡ್ಡು ತೆಗೆದುಕೊಳ್ಳುತ್ತಾರೆ ಅಂತ ಯಾರೋ ಅರ್ಜಿ ಹಾಕಿದ್ದರಂತೆ.

"ಒಂದು ಪೈಸೆ ಮುಟ್ಟಿಲ್ಲ ಸಾರ್. ಯಾರನ್ನ ಬೇಕಾದ್ರೂ ಕೇಳಿ" ಅಂದರು ಡಾಕ್ಟ್ರು. ಅವರಿಗೆ ಅಷ್ಟು ಧೈರ್ಯ. ನಾನು ಕಿಟಕಿಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡೆ.

ಸಾಹೇಬರು ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು, ಶಿಫ್ಟು ಬಿಟ್ಟು ಬಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆದರು. ಮೊದಲು ಬಂದವನು ಆಂಜಿನಪ್ಪ, ಕಾರ್ಖಾನೆಯಲ್ಲಿ ಹೆಂಚು ಸುಡುವ ಗೂಡಿಗೆ ಸೌದೆ ಹಾಕುವವನು.

"ಔಷಧಿಗೆ ದುಡ್ಡೇನಾದ್ರೂ ಕೊಟ್ಟಿದೀಯೇನಪ್ಪ?"

ಕೊಟ್ಟಿಲ್ಲ ಅಂದರೆ ಮರ್ಯಾದೆ ಹೋಗುತ್ತದೆ. ಅಷ್ಟು ಜನರ ಮುಂದೆ, ಪುಕ್ಕಟೆ ಔಷಧ ತಿಂದೆ ಅಂತ ಯಾರು ಹೇಳುತ್ತಾರೆ? ಆಂಜಿನಪ್ಪ ಎದೆ ಉಬ್ಬಿಸಿದ. "ಕೊಡ್ದೆ ಇರ್ತೀನಾ ಸಾ? ಎಲ್ಡು ರೂಪಾಯಿ ಕೊಟ್ಟಿವ್ನಿ."

ಅವನು ಹಾಕಿದ್ದು ಹದಿನೈದು ಪೈಸೆ. ನಾನೇ ನೋಡಿದ್ದೆ.

ಹಿಂದಿದ್ದವನು, "ಅವನು ಎಲ್ಡು ಕೊಟ್ರೆ ನಾನು ಮೂರು ಕೊಟ್ಟಿವ್ನಿ, ಬರ್ಕೊಳಿ ಸಾ" ಅಂದ. ಅವನ ಹಿಂದಿನವಳು, "ನಮ್ದು ಬಡವ್ರ ಮನೆ, ಆದ್ರೂ ಒಂದೂವರೆ" ಅಂದಳು. ಡಾಕ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಅವರಿಗೆ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡು ಎಲ್ಲರೂ ಅವರ ಕಡೆ ನೋಡಿ ಕೈ ಮುಗಿಯುತ್ತಿದ್ದರು. ಸಾಹೇಬರ ಪಟ್ಟಿಯಲ್ಲಿ ಅರವತ್ತಮೂರು ಹೆಸರು ಆಯಿತು. ನಿಜ ಹೇಳಿದವಳು ಮುತ್ಯಾಲಮ್ಮ ಒಬ್ಬಳೇ. "ವಾರಕ್ಕೆ ನಾಕಾಣೆ, ಇಪ್ಪತ್ನಾಕು ವಾರ. ಆರು ರೂಪಾಯಿ ಸಾಮಿ."

ನಾನು ಒಳಗೆ ಹೋಗಿ ಜಾಡಿ ತಂದು ಸಾಹೇಬರ ಮುಂದಿಟ್ಟೆ.

"ಡಾಕ್ಟ್ರದೇನೂ ತಪ್ಪಿಲ್ಲ ಸಾಮಿ. ಅವ್ರಿಗೆ ಗೊತ್ತೇ ಇಲ್ಲ. ತಟ್ಟೆ ಇಕ್ಕಿದ್ದು ನಾನು."

"ಈ ದುಡ್ಡು ಯಾರದ್ದು?"

"ಡಾಕ್ಟ್ರದು."

"ಅವರಿಗೆ ಗೊತ್ತಿಲ್ಲ ಅಂದ್ಯಲ್ಲ?"

"ಊಂ. ಅವ್ರದೇ, ಅವ್ರಿಗ್ ಗೊತ್ತಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟ್ರು ನನ್ನ ಹತ್ತಿರ ಬಂದರು. ಹೊಡೆದರೂ ಹೊಡೆಯಲಿ ಅಂತ ನಾನು ತಲೆ ತಗ್ಗಿಸಿದೆ.

"ಮಾತ್ರೆ ಮೋರಿಗೆ ಬೀಳೋದು ನಿಂತದ್ದು ಇದರಿಂದಾನಾ ಮಂಗಮ್ಮ?"

"ಊಂ ಸಾರ್."

"ಸಂಬಳದ ಚೀಟಿಯಿಂದ ಅಲ್ಲ?"

"ಅಲ್ಲ ಸಾರ್."

ಪ್ಯಾನಲ್ ಹೋಗುತ್ತದೆ ಅನ್ನುವುದಕ್ಕಿಂತ ಆ ಮಾತಿಗೇ ಅವರ ಮುಖ ಹೆಚ್ಚು ಬಾಡಿತು ಅಂತ ನನಗೆ ಅನ್ನಿಸಿತು.

ಜಾಡಿಯಲ್ಲಿ ನಲವತ್ತೊಂದು ರೂಪಾಯಿ ಚಿಲ್ಲರೆ ಇತ್ತು. ಪಟ್ಟಿಯಲ್ಲಿ ನೂರ ಹದಿನೆಂಟು. ಸಾಹೇಬರು ಕೆಟ್ಟವರಲ್ಲ. ತುಂಬ ಹೊತ್ತು ಯೋಚನೆ ಮಾಡಿ ಹೇಳಿದರು: "ನೀವು ತಗೊಂಡಿಲ್ಲ ಅನ್ನೋದು ನನಗೆ ಅರ್ಥ ಆಯ್ತು ಡಾಕ್ಟ್ರೇ. ಆದ್ರೆ ನಿಮ್ಮ ಶಾಪಿನಲ್ಲಿ ತಗೊಂಡಿದಾರೆ. ಹದಿನೈದು ದಿನ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಈ ಪಟ್ಟಿಯಲ್ಲಿರೋ ಎಲ್ಲರಿಗೂ, ಬರೆದಿರೋಷ್ಟು ದುಡ್ಡು ಕೊಟ್ಟು, ಎದುರಿಗೆ ಹೆಬ್ಬೆಟ್ಟು ಹಾಕಿಸಿ ಇಡಿ. ಎಲ್ಲ ಸರಿ ಇದ್ರೆ ಇಲ್ಲಿಗೆ ಬಿಡ್ತೀನಿ. ಒಂದು ಹೆಸರು ಬಾಕಿ ಇದ್ರೂ ಪ್ಯಾನಲ್ಲಿಂದ ತೆಗೀರಿ ಅಂತ ಬರೀಬೇಕಾಗುತ್ತೆ."

ಕಡಿಮೆ ಬಿದ್ದ ದುಡ್ಡನ್ನು ಡಾಕ್ಟ್ರು ಕೈಯಿಂದ ಹಾಕಿದರು. ಇಷ್ಟೇ ತಾನೇ ಅಂತ ನಾವು ಉಸಿರು ಬಿಟ್ಟೆವು. ಆಮೇಲೆ ಶುರುವಾಯಿತು ನಿಜವಾದ ಕಷ್ಟ. ತೆಗೆದುಕೊಳ್ಳುವವರೇ ಇಲ್ಲ.

ಶನಿವಾರ ಕುಪ್ಪುಸ್ವಾಮಿ ಕಾಸಿನ ಚೀಲ, ಪಟ್ಟಿ, ಶಾಯಿ ಪ್ಯಾಡು ಹಿಡಿದುಕೊಂಡು ಕಾರ್ಖಾನೆ ಗೇಟಿನಲ್ಲಿ ನಿಂತ. ಅವನನ್ನು ಕಂಡು ಜನ ಹಾವು ಕಂಡ ಹಾಗೆ ಚದುರಿದರು. ಆಂಜಿನಪ್ಪ ಹಿಂದಿನ ಕಾಂಪೌಂಡ್ ಗೋಡೆ ಹಾರಿದ. ಹಾರುವಾಗ ಪಂಚೆ ಗೋಡೆಯ ಮೇಲೇ ಉಳಿಯಿತಂತೆ.

"ದುಡ್ಡು ತಗೋ ಅಂದ್ರೆ ಓಡ್ತಾರೆ ಮ್ಮಾ" ಅಂತ ಕುಪ್ಪುಸ್ವಾಮಿ ಬಂದು ತಲೆ ಮೇಲೆ ಕೈ ಹೊತ್ತು ಕೂತ. "ಇಪ್ಪಿಡಿ ಜನ ಎಲ್ಲೂ ನೋಡ್ಲಿಲ್ಲ. ನಮ್ಮ ಕೋರಮಂಡಲ್‌ನಲ್ಲಿ ಕೂಗಿದ್ರೆ ಸಾಕು, ಪಟ್ಟಿಲಿ ಹೆಸರು ಇಲ್ಲದೇ ಇರೋನೂ ಬರ್ತಾನೆ."

ಎಂಟು ದಿನ ಕಳೆಯಿತು. ಒಂದು ಹೆಬ್ಬೆಟ್ಟೂ ಬೀಳಲಿಲ್ಲ. ತಟ್ಟೆ ತೆಗೆದಿದ್ದರಿಂದ ಮೋರಿಯಲ್ಲಿ ಮತ್ತೆ ಬಿಳಿ ಮಾತ್ರೆ. ಮುತ್ಯಾಲಮ್ಮ ಶಾಪಿಗೆ ಬರುವುದನ್ನೇ ಬಿಟ್ಟಳು. ಡಾಕ್ಟ್ರು ನನ್ನನ್ನು ಕರೆದುಕೊಂಡು ಅವಳ ಗುಡಿಸಲಿಗೆ ಹೋದರು. ಅವಳು ಬಾಗಿಲಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲಿಗೆ ಊರಿ ಉಸಿರೆಳೆಯುತ್ತಿದ್ದಳು.

"ಆರು ರೂಪಾಯಿ ತಗೊಂಡು ಒಂದು ಹೆಬ್ಬೆಟ್ಟು ಒತ್ತಮ್ಮ. ನನ್ನ ಶಾಪು ಉಳಿಯುತ್ತೆ."

"ಪ್ರಾಣ ಬೇಕಾದ್ರೂ ಕೇಳು ನಾಯ್ನಾ. ಕಾಸು ಮಾತ್ರ ಈಸ್ಕೊಳಾಕಿಲ್ಲ. ಈಸ್ಕೊಂಡ್ರೆ ಉಬ್ಸ ವಾಪಸ್ ಬತ್ತದೆ."

"ಈಗ್ಲೇ ಬಂದಿದೆಯಲ್ಲಮ್ಮ!"

"ಇದು ಈಸ್ಕೊಳ್ದೇನೇ ಬಂದಿರೋದು. ಈಸ್ಕೊಂಡ್ರೆ ಇನ್ನೆಂಗ್ ಬತ್ತದೋ ನೋಡ್ಕೊ!"

ನಾವು ವಾಪಸ್ ಹೊರಟೆವು. ದಾರಿಯಲ್ಲಿ ಚಿಕ್ಕವೆಂಕಟಮ್ಮ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಕೂತಿದ್ದಳು. ಅವಳ ಮಗ ಕಾರ್ಖಾನೆಯಲ್ಲಿದ್ದ. ಅವಳೂ ಮಗನ ಕಾರ್ಡಿನಲ್ಲಿ ಮಂಡಿ ನೋವಿಗೆ ನಮ್ಮಲ್ಲಿಗೇ ಬರುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ನಮ್ಮನ್ನು ನೋಡಿ ಎದ್ದು ಓಡುವುದಕ್ಕೆ ನೋಡಿದಳು, ಮಂಡಿ ಬಿಡಲಿಲ್ಲ.

"ಹೆದರ್ಕೋಬೇಡಮ್ಮ. ಎರಡು ಕಟ್ಟು ದಂಟಿನ ಸೊಪ್ಪು ಕೊಡು" ಅಂದರು ಡಾಕ್ಟ್ರು. ಪಾಪ, ಮನೆಗೆ ಅಂತ.

ಸೊಪ್ಪು ಕೊಟ್ಟಳು. ಡಾಕ್ಟ್ರು ಕೊಟ್ಟ ನಲವತ್ತು ಪೈಸೆ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಸೊಂಟದ ಚೀಲಕ್ಕೆ ಹಾಕಿದಳು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಡಾಕ್ಟ್ರು ನಿಂತರು. ತಿರುಗಿದರು. ಅದೇ ಕತ್ತು ಮುಂದೆ ಚಾಚಿ ಕೇಳಿದರು:

"ಅಮ್ಮಾ, ಈಗ ನನ್ನ ಕೈಯಿಂದಾನೇ ಕಾಸು ಈಸ್ಕೊಂಡ್ಯಲ್ಲ. ಮಂಡಿ ನೋವು ಹೆಚ್ಚಾಗಲ್ವಾ?"

ಚಿಕ್ಕವೆಂಕಟಮ್ಮ ನಕ್ಕುಬಿಟ್ಟಳು. "ಸೊಪ್ಪಿನ್ ಕಾಸಿಗೆ ಯಾವ್ ನೋವು ಬತ್ತದೆ ಸಾಮಿ? ಅದು ಯಾಪಾರ ಅಲ್ವಾ?"

"ಹಾಗಾದ್ರೆ ವ್ಯಾಪಾರದ ಕಾಸಿಗೆ ಕಾಯಿಲೆ ಅಂಟಲ್ಲ."

"ಅಂಟಿದ್ರೆ ನಾನು ಇಷ್ಟೊತ್ಗೆ ಎಷ್ಟು ಸಲ ಸಾಯ್ಬೇಕಾಗಿತ್ತು? ದಿನಾ ಊರ್ನೋರ್ ಕಾಸೆಲ್ಲ ಈಸ್ಕೊತೀನಿ."

ಡಾಕ್ಟ್ರು ಪಟ್ಟಿ ಬಿಚ್ಚಿ ನೋಡಿದರು. ಅವಳ ಹೆಸರಿಗೆ ಒಂದು ರೂಪಾಯಿ. "ಕುಕ್ಕೆಯಲ್ಲಿರೋದ್ರಲ್ಲಿ ಒಂದು ರೂಪಾಯಿ ಸೊಪ್ಪು ಕೊಡಮ್ಮ" ಅಂದರು. ರೂಪಾಯಿ ಕೊಟ್ಟರು. ಡಾಕ್ಟ್ರಿಂದ ಒಂದು ರೂಪಾಯಿ ಬಂತು ಅಂತ ಕಾಗದದಲ್ಲಿರುವುದನ್ನು ಓದಿ ಹೇಳಿ, "ಸುಳ್ಳಾ ನಿಜಾನಾ?" ಅಂತ ಕೇಳಿದರು. "ನಿಜ" ಅಂತ ಹೆಬ್ಬೆಟ್ಟು ಒತ್ತಿದಳು. ಅದು ಮೊದಲನೆಯದು.

ಮಾರನೇ ದಿನದಿಂದ ನಮ್ಮ ಜಗಲಿ ಸಂತೆಯಾಯಿತು. ಬದನೆಕಾಯಿ, ಹುರುಳಿ, ಒಂದು ಸೇರು ರಾಗಿ, ಮೊಟ್ಟೆ, ನುಗ್ಗೆಕಾಯಿ, ಒಬ್ಬ ಕಸಪೊರಕೆ ಕೂಡ ತಂದ. ಜಂಬ ಕೊಚ್ಚಿದವರಿಗೆ ಈಗ ಪೇಚಾಟ. ಹದಿನೈದು ಪೈಸೆ ಹಾಕಿ ಎರಡು ರೂಪಾಯಿ ಅಂದಿದ್ದ ಆಂಜಿನಪ್ಪ, ಎರಡು ರೂಪಾಯಿಗೆ ಸರಿಯಾದ ಸಾಮಾನು ತರಬೇಕಲ್ಲ? ಹೆಸರಿಗೆ ಅಂತ ಎಲೆಕೋಸಿನ ಒಂದು ಎಲೆ ಕೊಟ್ಟರೆ ನಗುತ್ತಾರೆ. ಮಾವನ ಮನೆಯಿಂದ ಒಂದು ಸಿಹಿಗುಂಬಳಕಾಯಿ ಹೆಗಲ ಮೇಲೆ ಹೊತ್ತುಕೊಂಡು ಬಂದ.

"ಪಂಚೆ ಸಿಕ್ತೇನಲಾ ಆಂಜಿ?" ಅಂತ ಕ್ಯೂನಲ್ಲಿದ್ದವರು ಕೇಳಿದರು.

"ನಗ್ರಿ ನಗ್ರಿ. ಅನ್ನೊಂದು ಮೈಲಿ ಒತ್ಕೊಂಡ್ ಬಂದಿವ್ನಿ. ಇನ್ಮೇಲೆ ಯಾವ ಸಾಯೇಬ ಏನ್ ಕೇಳಿದ್ರೂ ನಂಗೆ ನಾಲ್ಗೇನೇ ಇಲ್ಲ."

ತರಕಾರಿ ನಾವು ಮೂರು ಮನೆಯವರು ತಿಂದರೂ ಮುಗಿಯಲಿಲ್ಲ. ಕುಪ್ಪುಸ್ವಾಮಿ ಸಾಯಂಕಾಲದ ಟ್ರೈನಿನಲ್ಲಿ ಬದನೆಕಾಯಿ ಮೂಟೆ ಕಟ್ಟಿಕೊಂಡು ಹೋಗಿ ಲೈನಿನಲ್ಲೆಲ್ಲ ಹಂಚಿದ. ಹದಿನಾಲ್ಕನೇ ದಿನಕ್ಕೆ ಅರವತ್ತೆರಡು ಹೆಬ್ಬೆಟ್ಟು ಬಿದ್ದವು. ಬಾಕಿ ಉಳಿದದ್ದು ಮುತ್ಯಾಲಮ್ಮ. ಅವಳಿಗೆ ಹೊಲವಿಲ್ಲ, ಹಿತ್ತಲಿಲ್ಲ. ಮಾರುವುದಕ್ಕೆ ಏನಿದೆ?

ಹದಿನೈದನೇ ದಿನ ಬೆಳಗ್ಗೆ ನಾನೇ ಹೋಗಿ ಕೂಗಿ ಬಂದೆ. ಹನ್ನೊಂದು ಗಂಟೆ ಟ್ರೈನಿಗೆ ಸಾಹೇಬರು. ಹತ್ತೂ ಮುಕ್ಕಾಲಾದರೂ ಅವಳ ಸುಳಿವಿಲ್ಲ. ಡಾಕ್ಟ್ರು ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ಆಗ ಬೀಡಿ ಅಂಗಡಿ ಪಕ್ಕದಿಂದ ಆ ಉಸಿರಿನ ಸದ್ದು ಕೇಳಿಸಿತು. ಮುತ್ಯಾಲಮ್ಮ ಬಂದಳು, ಕಂಕುಳಲ್ಲಿ ಒಂದು ಕೆಂಪು ಹೇಂಟೆ. ಅವಳ ನಾಲ್ಕು ಕೋಳಿಗಳಲ್ಲಿ ದಿನಾ ಮೊಟ್ಟೆ ಇಡುತ್ತಿದ್ದದ್ದು ಅದೊಂದೇ.

"ಕೋಳಿ ಮಾರಾಕ್ ಬಂದಿವ್ನಿ" ಅಂದಳು, ಒಂದೊಂದು ಮಾತಿಗೂ ನಿಂತು ನಿಂತು. "ಎಂಟು ರೂಪಾಯಿ."

ಡಾಕ್ಟ್ರು ಆರು ರೂಪಾಯಿ ಮುಂದಿಟ್ಟರು. "ಪಟ್ಟಿಯಲ್ಲಿ ಆರೇ ಇರೋದಮ್ಮ."

"ಎಂಟ್ರೂಪಾಯಿ ಕೋಳಿ ನಾಯ್ನಾ. ಮುಟ್ಟಿ ನೋಡು, ಎಂಗದೆ. ಬೆಳಿಗ್ಗೆ ಕೂಡ ಮೊಟ್ಟೆ ಇಕ್ತು."

"ನನಗೆ ಗೊತ್ತಾಗುತ್ತೆ. ಆದ್ರೆ ಎಂಟು ಕೊಟ್ರೆ, ಎರಡು ರೂಪಾಯಿ ಯಾಕೆ ಜಾಸ್ತಿ ಕೊಟ್ಟೆ ಅಂತ ಸಾಹೇಬ್ರು ಅದನ್ನೂ ಕೇಳ್ತಾರೆ. ನೀನೊಬ್ಬಳೇ ಬಾಕಿ. ಆರಕ್ಕೆ ಕೊಡು ತಾಯಿ."

"ಸಂತೇಲಿ ಯಾರ್ ಕೊಟ್ಟಾರು ಆರಕ್ಕೆ? ಏಳೂವರೆ ಕೊಡು."

"ಆರು."

"ಏನ್ ಡಾಕ್ಟ್ರಯ್ಯಾ ನೀನು, ಕೋಳಿ ಸಾಬ್ರಿಗಿಂತ ಗಟ್ಟಿ ಯಾಪಾರ ಮಾಡ್ತೀಯ!"

ಸ್ಟೇಷನ್ ಕಡೆಯಿಂದ ಟ್ರೈನು ಕೂಗಿತು. ಕುಪ್ಪುಸ್ವಾಮಿ ಎರಡೂ ಕೈ ಜೋಡಿಸಿ, "ಅಮ್ಮಾ, ತಾಯೇ, ಕೊಟ್ಟುಬಿಡಮ್ಮಾ" ಅಂದ. ನಾನು ಅವಳ ಕೈ ಹಿಡಿದುಕೊಂಡೆ.

"ಮುತ್ಯಾಲಕ್ಕಾ, ಎಂಟ್ರೂಪಾಯಿದ್ನ ಆರ್ರೂಪಾಯಿಗೆ ಕೊಡೋದ್ರಿಂದ ನೀನೇನ್ ಸತ್ತೋಗ್ತೀಯಾ? ಎಲ್ಡು ರೂಪಾಯಿ ತಾನೇ, ಡಾಕ್ಟ್ರತ್ರ ಇರ್ತದೆ ಬಿಡು."

ಅವಳು ಏನೋ ಬೈಯುವುದಕ್ಕೆ ಬಾಯಿ ತೆರೆದವಳು ಹಾಗೇ ನಿಂತಳು. ಕೋಳಿಯನ್ನು ನೋಡಿದಳು. ಮೇಜಿನ ಮೇಲಿದ್ದ ಆರು ರೂಪಾಯಿ ನೋಡಿದಳು. ಆಮೇಲೆ ಡಾಕ್ಟ್ರ ಕೈ ನೋಡಿದಳು.

"ಎಲ್ಡು ರೂಪಾಯಿ ಡಾಕ್ಟ್ರತ್ರ ಇರ್ತದೆ" ಅಂದಳು, ಮೆಲ್ಲಗೆ.

"ಇರ್ತದೆ."

"ಪಟ್ಟೀಲಿ ಬರ್ಯಾಕಿಲ್ಲ?"

"ಅದನ್ಯಾಕೆ ಬರೀತಾರೆ?"

ಮುತ್ಯಾಲಮ್ಮ ಕೋಳಿಯನ್ನು ಎತ್ತಿ ಡಾಕ್ಟ್ರ ಎರಡೂ ಕೈಗೆ ಇಟ್ಟಳು. ಕುಂಕುಮ ಇಟ್ಟು ಕೊಡುವವರ ಹಾಗೆ ತಲೆ ಬಾಗಿಸಿ ಇಟ್ಟಳು. ಆರು ರೂಪಾಯಿ ಎಣಿಸಿ ಸೆರಗಿಗೆ ಕಟ್ಟಿಕೊಂಡು, ಶಾಯಿ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು. ಬಿಟ್ಟುಕೊಟ್ಟ ಎರಡು ರೂಪಾಯಿ ಔಷಧಕ್ಕೆ ಇಟ್ಟ ಕಾಸು ಅಂತ ಡಾಕ್ಟ್ರಿಗೆ ಆಗ ಅರ್ಥವಾಯಿತು. ಏನೋ ಹೇಳಬೇಕು ಅಂತ ನೋಡಿದರು. ಅಷ್ಟರಲ್ಲಿ ಛತ್ರಿ ಕಾಣಿಸಿತು.

ಸಾಹೇಬರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಅರವತ್ತಮೂರು ಹೆಬ್ಬೆಟ್ಟು. ಕೊನೆಯದರ ಶಾಯಿ ಇನ್ನೂ ಒದ್ದೆ.

"ಆರು ರೂಪಾಯಿ ನಿನ್ನ ಕೈಗೆ ಬಂತೇನಮ್ಮ?"

"ಬಂತು ಸಾಮಿ. ಎಣಿಸ್ಕೊಂಡೆ."

"ಇನ್ಮೇಲೆ ಔಷಧಿಗೆ ಅಂತ ದುಡ್ಡು ಕೊಡ್ತೀಯಾ?"

"ದುಡ್ಡಾ? ಇಲ್ಲ ಸಾಮಿ. ದುಡ್ಡು ಕೊಡಾಕಿಲ್ಲ."

"ಈ ಕೋಳಿ?"

"ಡಾಕ್ಟ್ರದು."

ಡಾಕ್ಟ್ರು ಕೋಳಿ ಹಿಡಿದುಕೊಂಡೇ ನಿಂತಿದ್ದರು. ಹೇಗೆ ಹಿಡಿಯಬೇಕು ಅಂತ ಅವರಿಗೆ ಮರೆತೇಹೋಗಿತ್ತು, ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು. ಸಾಹೇಬರು ಒಂದು ಸಲ ಕೋಳಿ ನೋಡಿ, ಒಂದು ಸಲ ಮೂಲೆಯಲ್ಲಿದ್ದ ಸಿಹಿಗುಂಬಳಕಾಯಿ ನೋಡಿ, ಇನ್ನೇನೋ ಕೇಳಬೇಕು ಅಂದುಕೊಂಡು, ಕೇಳದೆ ಪಟ್ಟಿಯ ಕೆಳಗೆ ರುಜು ಹಾಕಿದರು. ಮಾಡಿದ್ದು ಸರಿಯಾಗಿದೆ, ಇನ್ನೊಂದು ಸಲ ತಟ್ಟೆ ಕಾಣಿಸಬಾರದು ಅಂತ ನನಗೆ ಹೇಳಿ, ಛತ್ರಿ ಎತ್ತಿಕೊಂಡು ಹೊರಟರು.

ಅವರು ಸೈಕಲ್ ರಿಪೇರಿಯವನನ್ನು ದಾಟುವ ತನಕ ನಾವು ನೋಡುತ್ತಿದ್ದೆವು. ಆಮೇಲೆ ಕುಪ್ಪುಸ್ವಾಮಿ ಗೂಡಿನೊಳಗೆ ಹೋಗಿ ಮಾತ್ರೆ ಪೊಟ್ಟಣ ಕಟ್ಟಿ ಕಿಟಕಿಯಲ್ಲಿ ಇಟ್ಟ. ಮುತ್ಯಾಲಮ್ಮ ಅಲ್ಲೇ ಪೊಟ್ಟಣ ಬಿಚ್ಚಿ, ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು, ನನ್ನ ಹತ್ತಿರ ಒಂದು ಲೋಟ ನೀರು ಇಸಿದು ಕುಡಿದಳು. ಬಾಯಿ ಒರೆಸಿಕೊಂಡು ಡಾಕ್ಟ್ರ ಕಡೆ ತಿರುಗಿದಳು.

"ಅಂಗ್ ಇಡ್ಕೊಬ್ಯಾಡ ನಾಯ್ನಾ, ರೆಕ್ಕೆ ನೋಯ್ತದೆ. ಸಾಯಂಕಾಲ ನುಚ್ಚು ಆಕು. ಕಲ್ಲು ಬೆರೆತಿದ್ರೆ ಅದು ಮುಟ್ಟಾಕಿಲ್ಲ."